ಶಟರ್ ಎಳೆದ ಮೇಲೆ: ಬೆಂಗಳೂರಿನ ಹಳೆಯ ಅಂಗಡಿ, ಟಾಕೀಸು, ಪಬ್ಬುಗಳು ಮಾಯವಾದ ಬಗೆ

ಬೆಂಗಳೂರಿನಲ್ಲಿ ಹಳೆಯ ಹೋಟೆಲೋ ಚಿತ್ರಮಂದಿರವೋ ಬಾಗಿಲು ಹಾಕುವ ಸುದ್ದಿ ಹೊರಬಿದ್ದರೆ, ಮರುದಿನವೇ ಅದರ ಮುಂದೆ ಜಾತ್ರೆ ನೆರೆಯುತ್ತದೆ. ಹತ್ತು ವರ್ಷಗಳಿಂದ ಆ ಕಡೆ ಸುಳಿಯದಿದ್ದವರೂ ಮೊಮ್ಮಕ್ಕಳನ್ನು ಕರೆತಂದು, ಸರದಿಯಲ್ಲಿ ನಿಂತು, ಕೊನೆಯ ಕಾಫಿ ಕುಡಿದು, ಬೋರ್ಡಿನ ಕೆಳಗೆ ಫೋಟೊ ತೆಗೆಸಿಕೊಳ್ಳುತ್ತಾರೆ. 2009ರ ಏಪ್ರಿಲ್ 5ರ ಭಾನುವಾರ ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್ ತನ್ನ ಹಳೆಯ ಜಾಗವನ್ನು ಬಿಟ್ಟಾಗ, 2017ರಲ್ಲಿ ಮೆಜೆಸ್ಟಿಕ್‌ನ ಕಪಾಲಿ ಚಿತ್ರಮಂದಿರ ಪ್ರದರ್ಶನ ನಿಲ್ಲಿಸಿದಾಗ, 2018ರ ಕೊನೆಯ ದಿನ ಬ್ರಿಗೇಡ್ ರಸ್ತೆಯ ರೆಕ್ಸ್ ಮುಚ್ಚಿದಾಗ ಊರು ಇದೇ ರೀತಿ ನಿಟ್ಟುಸಿರಿಟ್ಟಿತು.

ಆಗೆಲ್ಲ ಕೇಳಿಬರುವ ಪ್ರಶ್ನೆ ಒಂದೇ: ಇಷ್ಟು ಜನ ಬರುತ್ತಿದ್ದ ಜಾಗ ಯಾಕೆ ಮುಚ್ಚಿತು? ಅದಕ್ಕೆ ಸಿಗುವ ಉತ್ತರವೂ ಬಹುಮಟ್ಟಿಗೆ ಒಂದೇ: ಬಾಡಿಗೆ ಜಾಸ್ತಿಯಾಯಿತಂತೆ. ಈ ಉತ್ತರ ಸುಳ್ಳಲ್ಲ, ಆದರೆ ಅರ್ಧದಷ್ಟನ್ನೂ ಹೇಳುವುದಿಲ್ಲ. ಬಾಡಿಗೆ ಏಕೆ ಒಮ್ಮೆಲೇ ಏರಿತು, ಒಂದೇ ಬೀದಿಯಲ್ಲಿ ಒಂದು ಅಂಗಡಿ ಉಳಿದು ಪಕ್ಕದ್ದು ಏಕೆ ಹೋಯಿತು, ವ್ಯಾಪಾರ ಜೋರಾಗಿದ್ದ ಪಬ್ ಒಂದೇ ರಾತ್ರಿಯಲ್ಲಿ ಹೇಗೆ ಬೀಗ ಹಾಕಿಕೊಂಡಿತು ಎಂಬುದನ್ನು ಅರಿಯಬೇಕಾದರೆ, ಅಂಗಡಿಯೆಂದರೆ ಏನೆಂಬಲ್ಲಿಂದಲೇ ಆರಂಭಿಸಬೇಕಾಗುತ್ತದೆ.

ಹಳಹಳಿಕೆ ಎಂದರೇನು

ಕಳೆದುಹೋದ ಕಾಲವನ್ನು ನೆನೆದು ಪಡುವ, ಸಿಹಿಯೂ ನೋವೂ ಬೆರೆತ ಹಂಬಲಕ್ಕೆ ಕನ್ನಡದಲ್ಲಿ ಹಳಹಳಿಕೆ ಎಂಬ ಮಾತಿದೆ. ಇಂಗ್ಲಿಷಿನ ನಾಸ್ಟಾಲ್ಜಿಯಾ ಎಂಬುದು 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಗ್ರೀಕ್ ಪದಗಳನ್ನು ಜೋಡಿಸಿ ಕಟ್ಟಿದ ಕಾಯಿಲೆಯ ಹೆಸರು. ಊರು ಬಿಟ್ಟು ದೂರದಲ್ಲಿದ್ದ ಸ್ವಿಸ್ ಜನರನ್ನು ಕಾಡುತ್ತಿದ್ದ ಮನೆಯ ಹಂಬಲವನ್ನು ಅವನು ಅದರಿಂದ ಗುರುತಿಸಿದ. ಊರಿನ ಹಂಬಲವಾಗಿದ್ದದ್ದು ಮುಂದೆ ಕಾಲದ ಹಂಬಲವೆಂಬ ಅರ್ಥಕ್ಕೆ ಜಾರಿತು. ಬೆಂಗಳೂರಿನವರ ಪಾಲಿಗೆ ಎರಡೂ ಅರ್ಥ ಕೂಡಿಬರುವುದು ಒಂದು ವಿಚಿತ್ರ: ಅವರು ಊರು ಬಿಟ್ಟಿಲ್ಲ, ಊರೇ ಅವರನ್ನು ಬಿಟ್ಟು ಮುಂದೆ ಹೋಗಿದೆ.

ನೆನಪಿನ ಬಗ್ಗೆ ಮನೋವಿಜ್ಞಾನಿಗಳು ಗುರುತಿಸಿರುವ ಒಂದು ಸಂಗತಿ ಇಲ್ಲಿ ಉಪಯುಕ್ತ. ವಯಸ್ಸಾದವರನ್ನು ಬದುಕಿನ ನೆನಪುಗಳನ್ನು ಹೇಳಿರೆಂದು ಕೇಳಿದರೆ, ಹದಿಹರೆಯದಿಂದ ಇಪ್ಪತ್ತರ ಕೊನೆಯವರೆಗಿನ ವರ್ಷಗಳ ನೆನಪುಗಳು ಉಳಿದ ವರ್ಷಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚಾಗಿ ಬರುತ್ತವೆ. ಇದನ್ನು ನೆನಪಿನ ದಿಬ್ಬ ಎಂದು ಕರೆಯಬಹುದು. ಮೊದಲ ಸಂಬಳ, ಮೊದಲ ಸಿಗರೇಟು, ಮನೆಯವರಿಗೆ ಹೇಳದೆ ನೋಡಿದ ಮೊದಲ ಸಿನಿಮಾ, ಇವೆಲ್ಲ ನಡೆದದ್ದು ಅದೇ ವಯಸ್ಸಿನಲ್ಲಿ. ಆದ್ದರಿಂದ 1970ರಲ್ಲಿ ಇಪ್ಪತ್ತರ ಹರೆಯದವರಾಗಿದ್ದವರಿಗೆ ಬೆಂಗಳೂರು ಹಾಳಾದದ್ದು 1990ರಲ್ಲಿ. 1990ರಲ್ಲಿ ಆ ವಯಸ್ಸಿನವರಾಗಿದ್ದವರಿಗೆ ಅದು ಹಾಳಾದದ್ದು 2010ರಲ್ಲಿ. ಹಾಗೆಂದು ಮಾಯವಾದದ್ದೆಲ್ಲ ಬರೀ ಮನಸ್ಸಿನ ಆಟವಲ್ಲ. 2000ದಿಂದ 2018ರವರೆಗಿನ ಅವಧಿಯಲ್ಲಿ ನಿಜವಾಗಿಯೇ ಒಂದಾದಮೇಲೊಂದು ಹಳೆಯ ತಾಣ ಕಣ್ಮರೆಯಾಯಿತು, ಮತ್ತು ಅದಕ್ಕೆ ಕಾಗದದ ಮೇಲಿರುವ ಕಾರಣಗಳಿವೆ.

ಒಂದು ಬೋರ್ಡಿನ ಹಿಂದೆ ಎಷ್ಟು ಮಂದಿ

ಗಿರಾಕಿಯ ಕಣ್ಣಿಗೆ ಅಂಗಡಿ ಒಂದೇ ವಸ್ತುವಾಗಿ ಕಾಣುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದು ಬೇರೆಬೇರೆ ಯಜಮಾನರಿರುವ ಹಲವು ವಸ್ತುಗಳ ಜೋಡಣೆ. ನೆಲ ಒಬ್ಬರದು, ಅದರ ಮೇಲಿನ ಕಟ್ಟಡ ಕೆಲವೊಮ್ಮೆ ಇನ್ನೊಬ್ಬರದು. ಆ ಕಟ್ಟಡದಲ್ಲಿ ಇಷ್ಟು ಕಾಲ ಇರಬಹುದೆಂಬ ಕರಾರು ಬೇರೆ. ಸರ್ಕಾರ ಕೊಟ್ಟ ಪರವಾನಗಿ ಬೇರೆ. ಕೊನೆಗೆ, ನಾವು ನಿಜವಾಗಿ ಪ್ರೀತಿಸುವ ಹೆಸರು ಮತ್ತು ಅದನ್ನು ನಡೆಸುವ ಮನುಷ್ಯರು ಬೇರೆ. ಒಂದು ಮೇಜಿಗೆ ನಾಲ್ಕು ಕಾಲುಗಳನ್ನು ನಾಲ್ಕು ಮನೆಗಳಿಂದ ಎರವಲು ತಂದು ಜೋಡಿಸಿದಂತೆ ಇದು. ಯಾರಾದರೊಬ್ಬರು ತಮ್ಮ ಕಾಲನ್ನು ವಾಪಸು ಕೇಳಿದರೆ, ಉಳಿದ ಮೂರು ಗಟ್ಟಿಯಾಗಿದ್ದರೂ ಮೇಜು ನಿಲ್ಲುವುದಿಲ್ಲ.

ಬೆಂಗಳೂರಿನ ಹಳೆಯ ತಾಣಗಳಲ್ಲಿ ಯಾವುದರ ಯಾವ ಕಾಲು ಮುರಿಯಿತು ಎಂದು ನೋಡುತ್ತ ಹೋದರೆ ಚಿತ್ರ ನಿಚ್ಚಳವಾಗುತ್ತದೆ.

ಬಾಡಿಗೆ: 2001ರ ಕೊನೆಯ ದಿನ ಬದಲಾದದ್ದು

ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಬಾಡಿಗೆದಾರನಿಗೆ ಕಾನೂನಿನ ಬಲವಾದ ಆಸರೆಯಿತ್ತು. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ, ಮಾಲೀಕನು ತನಗೆ ಬೇಕೆನಿಸಿದ ಮಾತ್ರಕ್ಕೆ ಬಾಡಿಗೆದಾರನನ್ನು ಹೊರಹಾಕುವಂತಿರಲಿಲ್ಲ. ಕಾಯ್ದೆಯಲ್ಲಿ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದನ್ನಾದರೂ ನ್ಯಾಯಾಲಯದಲ್ಲಿ ರುಜುವಾತು ಮಾಡಬೇಕಿತ್ತು. ಇದರ ಪರಿಣಾಮವಾಗಿ ಎಷ್ಟೋ ಅಂಗಡಿಗಳು ಅಜ್ಜನ ಕಾಲದ ಬಾಡಿಗೆಯಲ್ಲೇ ಮೊಮ್ಮಗನ ಕಾಲದವರೆಗೂ ನಡೆದವು. ನಾವು ಹಳೆಯ ಬೆಂಗಳೂರಿನ ನಿಧಾನವೆಂದು ಕೊಂಡಾಡುವ ಗುಣ, ಅಂದರೆ ಒಂದು ಕಾಫಿ ಮುಂದಿಟ್ಟುಕೊಂಡು ಎರಡು ಗಂಟೆ ಹರಟಬಹುದಾಗಿದ್ದ ಸೌಲಭ್ಯ, ಬಹುಮಟ್ಟಿಗೆ ಈ ಕಡಿಮೆ ಬಾಡಿಗೆಯ ಕೊಡುಗೆ. ಮಾಲೀಕರ ಕಡೆಯಿಂದ ನೋಡಿದರೆ ಅದೇ ಸೌಲಭ್ಯ ಅವರ ಜೇಬಿನಿಂದ ಹೋದ ಹಣ ಎಂಬುದನ್ನೂ ಹೇಳಬೇಕು.

ಈ ಕಾಯ್ದೆಯ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಯಾಯಿತು. ಹೊಸ ಕಾಯ್ದೆಯ ರಕ್ಷಣೆಯಿಂದ ದೊಡ್ಡ ವಾಣಿಜ್ಯ ಮಳಿಗೆಗಳನ್ನು ಹೊರಗಿಡಲಾಯಿತು. ವ್ಯಾಪಾರದ ಜಾಗ 14 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ ಕಾಯ್ದೆ ಅನ್ವಯಿಸುವುದಿಲ್ಲ. ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೂ ಅನ್ವಯಿಸುವುದಿಲ್ಲ. ಹದಿನಾಲ್ಕು ಚದರ ಮೀಟರು ಎಂದರೆ ಸುಮಾರು 150 ಚದರ ಅಡಿ, ಒಂದು ಕಾರು ನಿಲ್ಲಿಸಿ ಬಾಗಿಲು ತೆರೆಯುವಷ್ಟು ಜಾಗ. ಬೀಡಿ ಅಂಗಡಿಗೆ, ಸಣ್ಣ ಜೆರಾಕ್ಸ್ ಅಂಗಡಿಗೆ ಅದು ಸಾಕು. ಹೋಟೆಲು, ಪುಸ್ತಕದಂಗಡಿ, ಬಟ್ಟೆ ಮಳಿಗೆ, ಪಬ್ಬುಗಳೆಲ್ಲ ಗೆರೆಯ ಆಚೆ ಉಳಿದವು.

ಆಚೆ ಉಳಿದವರಿಗೆ ಅನ್ವಯವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ ಪ್ರಕಾರ, ಬೇರೆ ಕರಾರು ಇಲ್ಲದ ತಿಂಗಳ ಬಾಡಿಗೆಯನ್ನು ಹದಿನೈದು ದಿನಗಳ ನೋಟಿಸು ಕೊಟ್ಟು ಕೊನೆಗೊಳಿಸಬಹುದು. ಊರಿನ ಬಹುಪಾಲು ಕರಾರುಗಳು ಹನ್ನೊಂದು ತಿಂಗಳಿಗೇ ಏಕೆ ಇರುತ್ತವೆ ಎಂಬುದಕ್ಕೂ ಇಲ್ಲೇ ಉತ್ತರವಿದೆ: ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು, ಅದಕ್ಕೆ ಮುದ್ರಾಂಕ ಶುಲ್ಕವೂ ನೋಂದಣಿ ಶುಲ್ಕವೂ ತಗಲುತ್ತವೆ, ಹನ್ನೊಂದು ತಿಂಗಳಿಗೆ ನಿಲ್ಲಿಸಿದರೆ ಆ ತಾಪತ್ರಯವಿಲ್ಲ. ಉಳಿತಾಯವಾಗುವುದು ಇಬ್ಬರಿಗೂ, ಭದ್ರತೆ ಕಳೆದುಕೊಳ್ಳುವುದು ಮಾತ್ರ ಬಾಡಿಗೆದಾರ.

ಏರಿದ ಬಾಡಿಗೆ ಒಂದು ಕಾಫಿ ಹೋಟೆಲನ್ನು ಹೇಗೆ ಹಿಂಡುತ್ತದೆ ಎಂಬುದನ್ನು ಊಹೆಯ ಅಂಕಿಗಳಿಂದ ನೋಡಬಹುದು. ಸಾವಿರ ಚದರ ಅಡಿಯ ಜಾಗಕ್ಕೆ ಅಡಿಗೆ 150 ರೂಪಾಯಿಯಂತೆ ತಿಂಗಳಿಗೆ ಒಂದೂವರೆ ಲಕ್ಷ ಬಾಡಿಗೆ ಎಂದುಕೊಳ್ಳೋಣ. ಹಾಲು, ಪುಡಿ, ಸಕ್ಕರೆ, ಗ್ಯಾಸು, ಸಂಬಳ ಕಳೆದು ಒಂದು ಕಾಫಿಯಲ್ಲಿ ಐದು ರೂಪಾಯಿ ಉಳಿದರೆ, ಬಾಡಿಗೆಯೊಂದನ್ನು ತೀರಿಸಲು ತಿಂಗಳಿಗೆ ಮೂವತ್ತು ಸಾವಿರ ಕಾಫಿ, ಅಂದರೆ ದಿನಕ್ಕೆ ಸಾವಿರ ಕಾಫಿ ಮಾರಬೇಕು. ಹೋಟೆಲಿನಲ್ಲಿ ನಲವತ್ತು ಕುರ್ಚಿಗಳಿದ್ದು, ದಿನಕ್ಕೆ ಹನ್ನೆರಡು ಗಂಟೆ ತೆರೆದಿದ್ದು, ಪ್ರತಿ ಗಿರಾಕಿಯೂ ಒಂದು ಗಂಟೆ ಕೂತರೆ, ಒಂದು ಕುರ್ಚಿಯೂ ಖಾಲಿ ಬೀಳದಿದ್ದರೂ 480 ಕಾಫಿಗಿಂತ ಹೆಚ್ಚು ಹೋಗುವುದಿಲ್ಲ. ಲೆಕ್ಕ ಸರಿಹೋಗಬೇಕಾದರೆ ಬೆಲೆ ಏರಿಸಬೇಕು, ಇಲ್ಲವೇ ಕುರ್ಚಿಯನ್ನೇ ತೆಗೆಯಬೇಕು. ಕುರ್ಚಿ ತೆಗೆದದ್ದು ದರ್ಶಿನಿ: 1980ರ ದಶಕದಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ, ನಿಂತು ತಿಂದು ಹತ್ತು ನಿಮಿಷದಲ್ಲಿ ಹೊರಡುವ ಪದ್ಧತಿ. ಬೆಲೆ ಏರಿಸಿದ್ದು ಹವಾನಿಯಂತ್ರಿತ ಕೆಫೆಗಳು. ಕುರ್ಚಿಯನ್ನೂ ಉಳಿಸಿಕೊಂಡು ಬೆಲೆಯನ್ನೂ ಏರಿಸದ ಹೋಟೆಲು ಹಳೆಯ ಬಾಡಿಗೆ ಇದ್ದಷ್ಟು ದಿನ ಮಾತ್ರ ನಡೆಯಬಲ್ಲದು.

ಕಾಫಿ ಹೌಸಿನ ಮೇಜು

ಇಂಡಿಯಾ ಕಾಫಿ ಹೌಸ್ ಅಂಥದ್ದೇ ಹೋಟೆಲು. ಕಾಫಿ ಮಂಡಳಿಯು ಕಾಫಿ ಕುಡಿಯುವ ಅಭ್ಯಾಸವನ್ನು ಹರಡಲು ದೇಶದ ಹಲವು ಊರುಗಳಲ್ಲಿ ನಡೆಸುತ್ತಿದ್ದ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ನೌಕರರು ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಬೆಂಬಲದೊಂದಿಗೆ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಅವುಗಳನ್ನು ತಾವೇ ನಡೆಸಲು ನಿರ್ಧರಿಸಿದರು. ಅಂಥ ಮೊದಲ ಸಂಘ 1957ರ ಆಗಸ್ಟಿನಲ್ಲಿ ಸ್ಥಾಪನೆಯಾದದ್ದು ಬೆಂಗಳೂರಿನಲ್ಲೇ. ಹಾಗಾಗಿ ಅಲ್ಲಿ ಕಾಫಿ ತಂದುಕೊಡುತ್ತಿದ್ದವರೇ ಹೋಟೆಲಿನ ಒಡೆಯರೂ ಆಗಿದ್ದರು.

ಎಂ. ಜಿ. ರಸ್ತೆಯ ಆ ಕೋಣೆಯನ್ನು ಕಂಡವರಿಗೆ ಮೊದಲು ನೆನಪಾಗುವುದು ಬಿಳಿಯ ಸಮವಸ್ತ್ರ, ಬೀಸಣಿಗೆಯಂತೆ ಅರಳಿದ ಪೇಟ, ಸೊಂಟಕ್ಕೆ ಅಗಲವಾದ ಪಟ್ಟಿ. ಮೇಜಿನ ಮೇಲೆ ಬೆಳ್ಳಗಿನ ದಪ್ಪ ಪಿಂಗಾಣಿಯ ಕಪ್ಪು, ತಟ್ಟೆಗೆ ಚೆಲ್ಲಿದ ನಾಲ್ಕು ಹನಿ, ಮೊಟ್ಟೆ ಬುರ್ಜಿ ಹಾಕಿದ ಟೋಸ್ಟು, ಗೋಡೆಯ ಮೇಲೆ ಕಾಫಿಯ ಗುಣಗಾನ ಮಾಡುವ ಹಳೆಯ ಭಿತ್ತಿಚಿತ್ರ. ಬಿಲ್ಲು ಬರುವುದು ತಡವಾದರೂ ಯಾರೂ ಎಬ್ಬಿಸುತ್ತಿರಲಿಲ್ಲ. ನಾನು ಅಲ್ಲಿ ಕೂತ ಮಧ್ಯಾಹ್ನಗಳಲ್ಲೆಲ್ಲ ಪಕ್ಕದ ಮೇಜಿನಲ್ಲಿ ಪತ್ರಿಕೆಯೊಂದನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುವ ಒಬ್ಬ ಹಿರಿಯರಾದರೂ ಇದ್ದೇ ಇರುತ್ತಿದ್ದರು. ಮೇಲಿನ ಲೆಕ್ಕವನ್ನು ಅವರ ಮೇಜಿಗೆ ಹಾಕಿ ನೋಡಿದರೆ, ಆ ಮೇಜು ಅಷ್ಟು ವರ್ಷ ಉಳಿದದ್ದೇ ಆಶ್ಚರ್ಯ.

ಕಟ್ಟಡವನ್ನು ಮಾಲೀಕರಿಗೆ ಬಿಟ್ಟುಕೊಡಬೇಕಾಗಿ ಬಂದಾಗ ಸಂಘವು ಚರ್ಚ್ ಸ್ಟ್ರೀಟಿನ ಒಂದು ವಾಣಿಜ್ಯ ಸಂಕೀರ್ಣಕ್ಕೆ ಸ್ಥಳಾಂತರಗೊಂಡು ಅದೇ ವರ್ಷ ಮತ್ತೆ ಬಾಗಿಲು ತೆರೆಯಿತು. ಇಲ್ಲಿ ಕಳಚಿದ್ದು ಕರಾರು ಮತ್ತು ಕಟ್ಟಡ. ಹೆಸರು, ಮನುಷ್ಯರು, ಪೇಟ, ಕಪ್ಪು ಎಲ್ಲವೂ ಕಾಲುನಡಿಗೆಯ ದೂರದಲ್ಲಿ ಉಳಿದವು. ಆದರೂ ಅನೇಕರ ಬಾಯಲ್ಲಿ ಅದು 2009ರಲ್ಲಿ ಮುಚ್ಚಿಹೋದ ಹೋಟೆಲು. ಕಿಟಕಿಯಾಚೆ ಎಂ. ಜಿ. ರಸ್ತೆಯನ್ನು ನೋಡುತ್ತ ಕೂರುವುದೇ ಅವರಿಗೆ ಆ ಹೋಟೆಲಾಗಿತ್ತು ಎಂದು ಇದರಿಂದ ತಿಳಿಯುತ್ತದೆ.

ಚಿತ್ರಮಂದಿರ: ತೆರೆಗಿಂತ ನೆಲಕ್ಕೆ ಬೆಲೆ

ಚಿತ್ರಮಂದಿರಗಳ ಕಥೆ ಬೇರೆ. ಅಲ್ಲಿ ಮಾಲೀಕನಿಗೆ ಸಾಮಾನ್ಯವಾಗಿ ನೆಲ, ಕಟ್ಟಡ ಎರಡೂ ಸ್ವಂತದ್ದೇ. ಹಾಗಾದರೆ ಮುಚ್ಚುವುದೇಕೆ? ಕಾರಣ, ಒಂದು ನಿವೇಶನದ ಮೇಲೆ ಎಷ್ಟು ಕಟ್ಟಬಹುದೆಂಬ ನಿಯಮ. ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ನೆಲಹಾಸು ಕಟ್ಟಲು ಅನುಮತಿಯಿದೆಯೋ ಅದನ್ನು ಎಫ್‌ಎಆರ್ ಎನ್ನುತ್ತಾರೆ. ಅದು ಮೂರು ಇದ್ದರೆ, ಹತ್ತು ಸಾವಿರ ಚದರ ಅಡಿ ನಿವೇಶನದಲ್ಲಿ ಅಂತಸ್ತುಗಳೆಲ್ಲ ಸೇರಿ ಮೂವತ್ತು ಸಾವಿರ ಚದರ ಅಡಿ ಕಟ್ಟಬಹುದು. ಒಂಟಿ ತೆರೆಯ ಚಿತ್ರಮಂದಿರವೆಂದರೆ ಒಳಗೆ ಬರೀ ಎತ್ತರದ ಖಾಲಿ ಜಾಗ; ಅನುಮತಿಯ ಬಹುಭಾಗ ಬಳಕೆಯಾಗದೆ ಗಾಳಿಯಲ್ಲೇ ಉಳಿದಿರುತ್ತದೆ. ನೆಲದ ಬೆಲೆ ಕಡಿಮೆಯಿದ್ದಾಗ ಈ ಗಾಳಿಗೆ ಯಾರೂ ಲೆಕ್ಕ ಹಾಕುತ್ತಿರಲಿಲ್ಲ.

ಇದರ ಜೊತೆಗೆ ಗಾಂಧಿನಗರದ ಒಂದು ವಿಶೇಷ ಪದ್ಧತಿಯೂ ಇತ್ತು. ಕೆಂಪೇಗೌಡ ರಸ್ತೆಯ ಮುಖ್ಯ ಚಿತ್ರಮಂದಿರಗಳಲ್ಲಿ ನಿರ್ಮಾಪಕರು ವಾರಕ್ಕೆ ಇಂತಿಷ್ಟೆಂದು ಬಾಡಿಗೆ ಕಟ್ಟಿ ಚಿತ್ರವನ್ನು ಓಡಿಸುತ್ತಿದ್ದರು. ಟಿಕೆಟ್ ಹೋದರೂ ಹೋಗದಿದ್ದರೂ ಬಾಡಿಗೆ ಕಟ್ಟಬೇಕು. ಜನ ವಾರಗಟ್ಟಲೆ ಸಾಲು ನಿಲ್ಲುತ್ತಿದ್ದ ಕಾಲದಲ್ಲಿ, ಸಾವಿರಕ್ಕೂ ಹೆಚ್ಚು ಆಸನಗಳು ದಿನಕ್ಕೆ ನಾಲ್ಕು ಆಟ ತುಂಬುತ್ತಿದ್ದಾಗ, ಇದು ಇಬ್ಬರಿಗೂ ಸರಿಹೋಗುತ್ತಿತ್ತು. ಮನೆಗೆ ಟಿವಿ, ಕೇಬಲ್ ಬಂದು, 2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ ಒಂದೇ ಸೂರಿನಡಿ ಹನ್ನೊಂದು ತೆರೆಗಳ ಮಲ್ಟಿಪ್ಲೆಕ್ಸ್ ಶುರುವಾದ ಮೇಲೆ, ದೊಡ್ಡ ಮಂದಿರವನ್ನು ತುಂಬುವ ಚಿತ್ರಗಳು ವರ್ಷಕ್ಕೆ ಕೆಲವೇ ಕೆಲವಾದವು.

ಎಂ. ಜಿ. ರಸ್ತೆಯಲ್ಲಿ 1936ರಲ್ಲಿ ಆರಂಭವಾಗಿದ್ದ ಪ್ಲಾಜಾ 2005ರಲ್ಲಿ ಮುಚ್ಚಿತು. ಹಲಸೂರಿನ ಲಿಡೊ ಇದ್ದ ಕಡೆ ಮಾಲ್ ಬಂತು. ರೆಸಿಡೆನ್ಸಿ ರಸ್ತೆಯ ಗ್ಯಾಲಕ್ಸಿ ಹೋಯಿತು. ಅದೇ ರಸ್ತೆಯ ವಿಕ್ಟೋರಿಯಾ ಹೋಟೆಲ್, ಮರಗಳ ಕೆಳಗಿನ ಅದರ ಅಂಗಳದ ಸಮೇತ, ಬೆಂಗಳೂರು ಸೆಂಟ್ರಲ್ ಎಂಬ ಮಳಿಗೆಗೆ ಜಾಗ ಬಿಟ್ಟಿತು. 1968ರಲ್ಲಿ ತೆರೆದ, ಸಿನೆರಾಮಾ ಪದ್ಧತಿಯ ವಿಶಾಲ ತೆರೆಗೆ ಹೆಸರಾಗಿದ್ದ ಕಪಾಲಿಯ ಗತಿಯೂ ಅದೇ ಆಯಿತು.

ಇನ್ನೊಂದು ಮಾತು ಇಲ್ಲಿ ಹೇಳಬೇಕು. ಬೆಂಗಳೂರಿನ ಹಳೆಯ ರಾತ್ರಿಗಳೆಂದರೆ ಪಬ್ಬು, ಬ್ಯಾಂಡು, ಬಾಲ್‌ರೂಮು ಎಂದು ಬರೆಯುವವರು ಹೆಚ್ಚು. ಅದು ದಂಡಿನ ಕಡೆಯ, ಅಂದರೆ 1809ರಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ನೆಲೆಗೊಂಡ ಕಂಟೋನ್ಮೆಂಟಿನ ನೆನಪು. ಪೇಟೆಯ ಕಡೆಯ ಬಹುಸಂಖ್ಯಾತರಿಗೆ ರಾತ್ರಿಯ ಮೋಜೆಂದರೆ ಸೆಕೆಂಡ್ ಶೋ. ಸಾಗರ್, ತ್ರಿಭುವನ್, ಸಂತೋಷ್, ನರ್ತಕಿ, ಅಲಂಕಾರ್, ಹಿಮಾಲಯ, ಸ್ಟೇಟ್ಸ್ ಎಂದು ಹೆಸರು ಹೇಳುತ್ತಲೇ ಕೆಂಪೇಗೌಡ ರಸ್ತೆಯ ಆಸುಪಾಸನ್ನು ನಡೆದು ಮುಗಿಸಬಹುದಿತ್ತು. ರಾಜ್‌ಕುಮಾರ್ ಚಿತ್ರದ ಮೊದಲ ದಿನ ಮುಗಿಲೆತ್ತರದ ಕಟೌಟಿಗೆ ಹಾರ, ಗೇಟಿನ ಬಳಿ ಪಿಸುಮಾತಿನಲ್ಲಿ ಬ್ಲ್ಯಾಕ್ ಟಿಕೆಟ್, ಮಧ್ಯಂತರದಲ್ಲಿ ಕಾಗದದ ಪೊಟ್ಟಣದ ಕಡಲೆಕಾಯಿ. ಆಟ ಬಿಟ್ಟ ಮೇಲೆ ಕೊನೆಯ ಬಿಟಿಎಸ್ ಬಸ್ಸು ಹೋಗಿದ್ದರೆ, ಹಾಡು ಗುನುಗುತ್ತ ಶ್ರೀರಾಮಪುರದವರೆಗೋ ಚಾಮರಾಜಪೇಟೆಯವರೆಗೋ ನಡಿಗೆ.

ಪಬ್ಬು: ಸನ್ನದಿನ ಮೇಲೆ ನಿಂತ ಮನೆ

ಪಬ್ಬುಗಳ ಬಗ್ಗೆ ತಿಳಿಯಲು ಮೊದಲು ಅಬಕಾರಿ ಇಲಾಖೆಯ ಭಾಷೆ ಸ್ವಲ್ಪ ಬೇಕು. ಮದ್ಯ ಮಾರುವ ಪರವಾನಗಿಗೆ ಇಲಾಖೆ ಸನ್ನದು ಎನ್ನುತ್ತದೆ. ಬಾಟಲಿ ಕೊಂಡು ಮನೆಗೆ ಒಯ್ಯುವ ಅಂಗಡಿಗೆ ಸಿಎಲ್-2, ಕ್ಲಬ್ಬಿಗೆ ಸಿಎಲ್-4, ವಸತಿಗೃಹವಿರುವ ಹೋಟೆಲಿಗೆ ಸಿಎಲ್-7, ಬಾರ್ ಅಂಡ್ ರೆಸ್ಟೋರೆಂಟಿಗೆ ಸಿಎಲ್-9. ಬಾಟಲಿಗೆ ತುಂಬದೆ, ಉಕ್ಕಿನ ಪೀಪಾಯಿಯಿಂದ ನೇರವಾಗಿ ನಲ್ಲಿಯ ಮೂಲಕ ಮಗ್ಗಿಗೆ ಸುರಿಯುವ ಡ್ರಾಟ್ ಬಿಯರನ್ನು ಮಾರುವುದಕ್ಕೆ ಬೇರೆಯೇ ಸನ್ನದು. ಬೆಂಗಳೂರಿನ ಪಬ್ ಎಂದರೆ ಮೂಲತಃ ಈ ಕೊನೆಯ ಬಗೆಯದು.

1980ರ ದಶಕದ ಎರಡನೆಯ ಅರ್ಧದಲ್ಲಿ ಇಂಥ ಪಬ್ಬುಗಳು ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಸಾಲಾಗಿ ಎದ್ದವು. ಮದ್ಯೋದ್ಯಮದ ದೊಡ್ಡ ಕಂಪನಿಗಳ ನೆಲೆ ಇದೇ ಊರಾಗಿದ್ದುದು, ಸಾರ್ವಜನಿಕ ಉದ್ದಿಮೆಗಳಲ್ಲಿ ಸಂಬಳದ ಕೆಲಸ ಹಿಡಿದ ಯುವಕರಿದ್ದುದು, ತಂಪಾದ ಸಂಜೆಗಳಿದ್ದುದು, ಇವೆಲ್ಲ ಸೇರಿ ದೇಶದ ಪಬ್ ರಾಜಧಾನಿ ಎಂಬ ಬಿರುದು ಬಂತು. ಒಂದೊಂದು ಪಬ್ಬಿಗೂ ಒಂದೊಂದು ವೇಷ. ಚರ್ಚ್ ಸ್ಟ್ರೀಟಿನ ನಾಸಾ ಒಳಗೆ ಅಂತರಿಕ್ಷ ನೌಕೆಯಂತಿತ್ತು, ಮಗ್ಗು ತಂದಿಡುವವರೂ ಗಗನಯಾತ್ರಿಗಳ ದಿರಿಸಿನಲ್ಲಿರುತ್ತಿದ್ದರು. ಅಂಡರ್‌ಗ್ರೌಂಡ್ ಎಂಬುದು ಲಂಡನ್ನಿನ ಸುರಂಗ ರೈಲಿನ ನಿಲ್ದಾಣದ ಅನುಕರಣೆ. ಬ್ಲ್ಯಾಕ್ ಕ್ಯಾಡಿಲ್ಯಾಕ್, ಪಬ್ ವರ್ಲ್ಡ್, ಪರ್ಪಲ್ ಹೇಜ್ ಎಂಬ ಹೆಸರುಗಳನ್ನು ಈಗ ಐವತ್ತು ದಾಟಿದವರ ಮುಂದೆ ಹೇಳಿದರೆ ಅವರ ಮುಖದ ಬಣ್ಣವೇ ಬದಲಾಗುತ್ತದೆ.

ಇವು ಮಾಯವಾಗಲು ಬಾಡಿಗೆಯೊಂದೇ ಕಾರಣವಲ್ಲ. ರಾತ್ರಿಯ ವ್ಯಾಪಾರಕ್ಕೆ ಹಗಲಿನ ವ್ಯಾಪಾರಕ್ಕಿಂತ ಹೆಚ್ಚು ಸಹಿಗಳು ಬೇಕು. ಮದ್ಯಕ್ಕೆ ಅಬಕಾರಿ ಸನ್ನದು, ಹೋಟೆಲಿಗೆ ಪಾಲಿಕೆಯ ಪರವಾನಗಿ, ಹಾಡು ಕುಣಿತಕ್ಕೆ ಪೊಲೀಸರ ಪರವಾನಗಿ. ಕರ್ನಾಟಕ ಪೊಲೀಸ್ ಕಾಯ್ದೆಯಡಿ ಬೆಂಗಳೂರಿನಲ್ಲಿ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್‌ಗಳಿಗೆ ಪ್ರತ್ಯೇಕ ಪರವಾನಗಿ ಬೇಕೆಂದು 2005ರಲ್ಲಿ ಹೊರಡಿಸಿದ ಆದೇಶ ಹಲವು ವರ್ಷ ನ್ಯಾಯಾಲಯದಲ್ಲಿದ್ದು, ಕೊನೆಗೆ 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ನಡುವಿನ ವರ್ಷಗಳಲ್ಲಿ ಕುಣಿಯುವುದಕ್ಕೆ ಅಡ್ಡಿ, ರಾತ್ರಿ ಹನ್ನೊಂದೂವರೆಗೆ ದೀಪ ಆರಿಸಬೇಕೆಂಬ ಕಟ್ಟುನಿಟ್ಟು. ವಾರಾಂತ್ಯದಲ್ಲಿ ಒಂದು ಗಂಟೆಯವರೆಗೆ ತೆರೆದಿಡಲು ಪ್ರಯೋಗವಾಗಿ ಅವಕಾಶ ಸಿಕ್ಕಿದ್ದು 2014ರಲ್ಲಿ.

ಸನ್ನದು ಎಂಬ ಒಂದೇ ಕಾಲು ಜಾರಿದರೆ ಏನಾಗುತ್ತದೆ ಎಂಬುದಕ್ಕೆ 2017ರ ಜುಲೈಗಿಂತ ಒಳ್ಳೆಯ ಉದಾಹರಣೆಯಿಲ್ಲ. ಕುಡಿದು ವಾಹನ ಓಡಿಸುವುದನ್ನು ತಡೆಯುವ ಉದ್ದೇಶದಿಂದ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು, ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಆದೇಶಿಸಿತು. ಹಳೆಯ ಸನ್ನದುಗಳಿಗೆ ಅವುಗಳ ಅವಧಿ ಮುಗಿಯುವವರೆಗೆ ಸಮಯ ಕೊಡಲಾಯಿತು. ಕರ್ನಾಟಕದಲ್ಲಿ ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಹಾಗಾಗಿ ಜೂನ್ 30ರ ರಾತ್ರಿ ತುಂಬಿ ತುಳುಕುತ್ತಿದ್ದ ಎಂ. ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟಿನ ಪಬ್ಬುಗಳು ಮರುದಿನ ಬೆಳಿಗ್ಗೆ ಬಿಯರ್ ಮಾರುವ ಹಕ್ಕನ್ನೇ ಕಳೆದುಕೊಂಡಿದ್ದವು. ನಗರದ ನಡುವಿನ ರಸ್ತೆಗಳು ಕಾಗದದ ಮೇಲೆ ಹೆದ್ದಾರಿಗಳಾಗಿಯೇ ಉಳಿದಿದ್ದದ್ದು, ಅದರಿಂದ 500 ಮೀಟರ್ ಅಳೆದದ್ದು ಇದಕ್ಕೆ ಕಾರಣ. ಅದೇ ಜುಲೈನಲ್ಲಿ, ಆದೇಶ ನಗರಸಭೆಗಳ ವ್ಯಾಪ್ತಿಯ ಸನ್ನದುಗಳಿಗೆ ಅಡ್ಡಿಯಲ್ಲವೆಂದು ನ್ಯಾಯಾಲಯ ಚಂಡೀಗಢದ ಪ್ರಕರಣದಲ್ಲಿ ಸ್ಪಷ್ಟಪಡಿಸಿತಾದರೂ, ಇಲ್ಲಿ ಬೀಗ ತೆರೆಯಲು ಇನ್ನೂ ಕೆಲಕಾಲ ಹಿಡಿಯಿತು. ಆ ಅವಧಿಯಲ್ಲೂ ಬಾಡಿಗೆ, ಸಂಬಳ ನಿಲ್ಲುವುದಿಲ್ಲವಲ್ಲ.

ಸನ್ನದಿಗೆ ಇನ್ನೊಂದು ಗುಣವಿದೆ. 1992ರ ನಂತರ ದಶಕಗಳ ಕಾಲ ಸರ್ಕಾರ ಹೊಸ ಸಿಎಲ್-2, ಸಿಎಲ್-9 ಸನ್ನದುಗಳನ್ನು ಕೊಡುವುದನ್ನು ನಿಲ್ಲಿಸಿತ್ತು. ಸಂಖ್ಯೆ ಹೆಚ್ಚದ ವಸ್ತುವಿಗೆ ಬೆಲೆ ಏರುವುದು ಸಹಜ. ಹಾಗಾಗಿ ಹಳೆಯ ಬಾರಿನ ಒಡೆಯನಿಗೆ, ಬೀದಿಯ ನೆನಪಿಗಿಂತ ತನ್ನ ಕೈಯಲ್ಲಿರುವ ಸನ್ನದೇ ದೊಡ್ಡ ಆಸ್ತಿ. ಅದನ್ನು ವರ್ಗಾಯಿಸಿದರೆ, ಕಂಟೋನ್ಮೆಂಟಿನ ಒಂದು ಬಾರು ಮುಚ್ಚಿ, ಹೊಸ ಬಡಾವಣೆಯ ಹೊಸ ಕಟ್ಟಡದಲ್ಲಿ ಬೇರೆ ಹೆಸರಿನ ಬಾರು ತೆರೆಯುತ್ತದೆ. ಇಲಾಖೆಯ ಪುಸ್ತಕದಲ್ಲಿ ಎರಡೂ ಒಂದೇ ಸನ್ನದು. ಗಿರಾಕಿಯ ಪಾಲಿಗೆ ಒಂದು ಸತ್ತು ಇನ್ನೊಂದು ಹುಟ್ಟಿದೆ.

ಮನುಷ್ಯನೇ ಅಂಗಡಿಯಾದಾಗ

ಕೆಲವು ಅಂಗಡಿಗಳಲ್ಲಿ ಮುಖ್ಯ ಕಾಲು ಮನುಷ್ಯ. ಚರ್ಚ್ ಸ್ಟ್ರೀಟಿನ ತಿರುವಿನಲ್ಲಿದ್ದ ಪ್ರೀಮಿಯರ್ ಬುಕ್‌ಶಾಪ್ ಅದಕ್ಕೆ ಸಾಕ್ಷಿ. ಟಿ. ಎಸ್. ಶಾನಭಾಗ ಅವರು 1971ರಲ್ಲಿ ಆರಂಭಿಸಿದ ಆ ಚಿಕ್ಕ ಅಂಗಡಿಯಲ್ಲಿ ಕಪಾಟುಗಳಿಗಿಂತ ಹೆಚ್ಚು ಪುಸ್ತಕಗಳು ನೆಲದಿಂದ ಮೇಲಕ್ಕೆ ಒಂದರ ಮೇಲೊಂದು ಪೇರಿಸಿಕೊಂಡಿದ್ದವು. ನಡುವೆ ಒಬ್ಬರು ಓರೆಯಾಗಿ ನಡೆಯುವಷ್ಟು ಓಣಿ. ಎದುರಿನಿಂದ ಮತ್ತೊಬ್ಬರು ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕು. ಗಿರಾಕಿ ಹೆಸರು ಹೇಳಿದರೆ ಶಾನಭಾಗರು ಎದ್ದು, ಗೋಪುರದ ನಡುವಿನಿಂದ ಆ ಒಂದೇ ಪುಸ್ತಕವನ್ನು, ಉಳಿದವು ಉರುಳದಂತೆ, ಎಳೆದುಕೊಡುತ್ತಿದ್ದರು. ಕೇಳದಿದ್ದರೂ ಬಿಲ್ಲಿನಲ್ಲಿ ಒಂದಿಷ್ಟು ಕಳೆಯುತ್ತಿದ್ದರು. ಆ ಅಂಗಡಿಯ ಪಟ್ಟಿ ಯಾವ ಪುಸ್ತಕದಲ್ಲೂ ಇರಲಿಲ್ಲ, ಅವರ ತಲೆಯಲ್ಲಿತ್ತು. 2009ರಲ್ಲಿ ಅವರು ವ್ಯಾಪಾರ ನಿಲ್ಲಿಸಿದಾಗ ಅಂಗಡಿಯೂ ನಿಂತಿತು. 2021ರಲ್ಲಿ ಅವರು ತೀರಿಕೊಂಡರು. ಇಂಥ ಅಂಗಡಿಯನ್ನು ಬಾಡಿಗೆ ಕಡಿಮೆ ಮಾಡಿಯೂ ಉಳಿಸಲಾಗುತ್ತಿರಲಿಲ್ಲ.

ಮಾರುವ ಸರಕೇ ಇಲ್ಲವಾಗಿ ಮುಚ್ಚಿದವೂ ಉಂಟು. ಕ್ಯಾಸೆಟ್ ಅಂಗಡಿ, ವಿಡಿಯೊ ಲೈಬ್ರರಿ, ಫಿಲ್ಮ್ ರೋಲು ತೊಳೆಯುವ ಸ್ಟುಡಿಯೊಗಳ ಹೆಚ್ಚಿನ ಕಥೆ ಹೇಳುವ ಅಗತ್ಯವಿಲ್ಲ. ಅವುಗಳ ಕೆಲಸವನ್ನು ಈಗ ಜೇಬಿನಲ್ಲಿರುವ ಫೋನು ಮಾಡುತ್ತದೆ.

ಊರು ಬೆಳೆದು ನಡು ಸರಿದದ್ದು

ಇವೆಲ್ಲದರ ಹಿಂದೆ ಒಂದು ದೊಡ್ಡ ಚಲನೆಯಿದೆ. 1981ರ ಜನಗಣತಿಯಲ್ಲಿ ಬೆಂಗಳೂರು ನಗರ ಪ್ರದೇಶದ ಜನಸಂಖ್ಯೆ ಸುಮಾರು 29 ಲಕ್ಷ. 1991ರಲ್ಲಿ 41 ಲಕ್ಷ, 2001ರಲ್ಲಿ 57 ಲಕ್ಷ, 2011ರಲ್ಲಿ 85 ಲಕ್ಷ. ಮೂವತ್ತು ವರ್ಷದಲ್ಲಿ ಊರು ಮೂರು ಪಟ್ಟಿನ ಹತ್ತಿರ ಹತ್ತಿರ ಬೆಳೆಯಿತು, ಆದರೆ ಬೆಳೆದದ್ದು ಅಂಚಿನಲ್ಲಿ. ಕೆಲಸ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಡೆಗೆ ಹೋಯಿತು. ಕೆಲಸದ ಹಿಂದೆ ಮನೆ, ಮನೆಯ ಹಿಂದೆ ಹೋಟೆಲು, ಪಬ್ಬು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಮನೆಗಳೇ ಮಳಿಗೆಗಳಾದವು. ಹೊಸದಾಗಿ ಬಂದ ಮೈಕ್ರೋಬ್ರೂವರಿ, ಅಂದರೆ ಬಿಯರನ್ನು ಅಲ್ಲೇ ಕುದಿಸಿ ಹುದುಗಿಸಿ ಮಾರುವ ಪಬ್ಬು, ದೊಡ್ಡ ಪಾತ್ರೆಗಳಿಗಾಗಿ ವಿಶಾಲ ಜಾಗ ಕೇಳುತ್ತದೆ; ಅದು ಚರ್ಚ್ ಸ್ಟ್ರೀಟಿನ ಮಹಡಿ ಮೆಟ್ಟಿಲ ಮೇಲಿನ ಹಳೆಯ ಕೋಣೆಯಲ್ಲಿ ಹಿಡಿಸುವುದಲ್ಲ.

ಅದೇ ವೇಳೆಗೆ ಎಂ. ಜಿ. ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ನಡೆಯಿತು. ರಸ್ತೆಯ ಉತ್ತರದ ಬದಿಯಲ್ಲಿ, ಕಾಗದದ ಹೂವಿನ ಬಳ್ಳಿಗಳ ನೆರಳಿದ್ದ ಕಾಲುದಾರಿಯನ್ನು ತೆಗೆದು ಕಂಬಗಳನ್ನು ನಿಲ್ಲಿಸಲಾಯಿತು. ಬೈಯಪ್ಪನಹಳ್ಳಿಯಿಂದ ಅಲ್ಲಿಗೆ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು. ಕಾಮಗಾರಿಯ ವರ್ಷಗಳಲ್ಲಿ ಗಿರಾಕಿಗಳು ತಗಡಿನ ಬೇಲಿಯ ಸಂದಿಯಲ್ಲಿ ಅಂಗಡಿಯ ಬಾಗಿಲು ಹುಡುಕಬೇಕಿತ್ತು. ಮುಗಿದ ಮೇಲೆ ನೆಲದ ಬೆಲೆ ಇನ್ನೂ ಏರಿತು. ಎರಡೂ ಹಂತಗಳಲ್ಲಿ ಪೆಟ್ಟು ಬಿದ್ದದ್ದು ಹಳೆಯ ಬಾಡಿಗೆದಾರನಿಗೇ.

ಕಾನೂನು ಏನನ್ನು ಕಾಪಾಡುತ್ತದೆ, ಏನನ್ನು ಇಲ್ಲ

ಹಳೆಯ ತಾಣಗಳನ್ನು ಪಾರಂಪರಿಕವೆಂದು ಘೋಷಿಸಿ ಉಳಿಸಬಾರದೇಕೆ ಎಂಬ ಪ್ರಶ್ನೆ ಪ್ರತಿ ಸಲವೂ ಏಳುತ್ತದೆ. ನಮ್ಮಲ್ಲಿರುವ ಸ್ಮಾರಕ ರಕ್ಷಣೆಯ ಕಾನೂನುಗಳು ಕಾಪಾಡುವುದು ಕಲ್ಲು, ಗಾರೆ, ಕಂಬಗಳನ್ನು. ಒಳಗೆ ನಡೆಯುವ ವ್ಯಾಪಾರವನ್ನಲ್ಲ. ಬ್ರಿಗೇಡ್ ರಸ್ತೆಯ ತಿರುವಿನ ಆಪೆರಾ ಹೌಸ್ ಇದಕ್ಕೆ ಕಣ್ಣೆದುರಿನ ನಿದರ್ಶನ. ಬ್ರಿಟಿಷರ ಕಾಲದಲ್ಲಿ ನಾಟಕ ಸಂಗೀತಗಳು ನಡೆದ, ಮುಂದೆ ಚಿತ್ರಮಂದಿರವಾದ, ದೀರ್ಘಕಾಲ ಪಾಳುಬಿದ್ದಿದ್ದ ಆ ಕಟ್ಟಡವನ್ನು ಚೆಂದವಾಗಿ ದುರಸ್ತಿ ಮಾಡಿ 2018ರಲ್ಲಿ ಮತ್ತೆ ತೆರೆದದ್ದು ಸ್ಯಾಮ್‌ಸಂಗ್ ಕಂಪನಿ, ತನ್ನ ಫೋನು ಟಿವಿಗಳ ಪ್ರದರ್ಶನಕ್ಕಾಗಿ. ಕಟ್ಟಡ ಉಳಿಯಿತು. ಬೆಂಗಳೂರು ರೈಫಲ್ ವಾಲಂಟಿಯರ್ಸ್ ಹೆಸರನ್ನು ಹೊತ್ತಿದ್ದ ಬಿಆರ್‌ವಿ ಚಿತ್ರಮಂದಿರವೂ ಹಾಗೆಯೇ ಸೈನಿಕರ ಕ್ಯಾಂಟೀನಾಗಿ ಉಳಿಯಿತು.

ಬೇರೆ ದೇಶಗಳಲ್ಲಿ ವ್ಯಾಪಾರವನ್ನೇ ಪರಂಪರೆಯೆಂದು ಎಣಿಸುವ ಪ್ರಯತ್ನಗಳಿವೆ. ಸ್ಯಾನ್ ಫ್ರಾನ್ಸಿಸ್ಕೊ ನಗರ 2015ರಿಂದ, ಸಾಮಾನ್ಯವಾಗಿ ಮೂವತ್ತು ವರ್ಷ ದಾಟಿದ ಅಂಗಡಿ ಮುಂಗಟ್ಟುಗಳ ಒಂದು ನೋಂದಣಿ ಪುಸ್ತಕವನ್ನಿಟ್ಟು ಅವುಗಳಿಗೆ ನೆರವು ಕೊಡುತ್ತದೆ. ಇಂಗ್ಲೆಂಡಿನಲ್ಲಿ 2011ರ ಕಾಯ್ದೆಯೊಂದರ ಪ್ರಕಾರ, ಊರಿನವರು ತಮ್ಮ ಪಬ್ಬನ್ನು ಸಮುದಾಯದ ಸ್ವತ್ತೆಂದು ಪಟ್ಟಿಗೆ ಸೇರಿಸಬಹುದು. ಮಾಲೀಕ ಮಾರಲು ಹೊರಟರೆ, ಹಣ ಕೂಡಿಸಿ ಕೊಳ್ಳಲು ಊರಿನವರಿಗೆ ಕೆಲವು ತಿಂಗಳ ಗಡುವು ಸಿಗುತ್ತದೆ. ಅಲ್ಲಿಯೂ ಮಾಲೀಕ ಊರಿನವರಿಗೇ ಮಾರಬೇಕೆಂಬ ಕಟ್ಟಳೆಯಿಲ್ಲ.

ಏನೂ ಉಳಿಯದಿದ್ದಾಗಲೂ ಹೆಸರು ಮಾತ್ರ ಉಳಿಯುವುದುಂಟು, ಅದೂ ಯಾವ ಕಾಯ್ದೆಯ ನೆರವಿಲ್ಲದೆ. ಮೆಜೆಸ್ಟಿಕ್ ಒಂದು ಚಿತ್ರಮಂದಿರದ ಹೆಸರು. ಅದನ್ನು ಕೆಡವಿ ವಾಣಿಜ್ಯ ಸಂಕೀರ್ಣ ಕಟ್ಟಿ ವರ್ಷಗಳೇ ಕಳೆದಿವೆ. ನಗರದ ಯಾವುದೋ ಮೂಲೆಯಿಂದ ಹೊರಟ ಬಸ್ಸಿನ ಕಂಡಕ್ಟರು ಇಂದಿಗೂ ಮೆಜೆಸ್ಟಿಕ್ ಎಂದೇ ಕೂಗುತ್ತಾನೆ, ಹತ್ತುವವರಲ್ಲಿ ಅಲ್ಲೊಂದು ಟಾಕೀಸಿತ್ತೆಂದು ಬಲ್ಲವರು ಬೆರಳೆಣಿಕೆಯಷ್ಟು. ನೆಲದಡಿಯ ಮೆಟ್ರೊ ನಿಲ್ದಾಣಕ್ಕೆ ನಾಡಪ್ರಭುವಿನ ಹೆಸರಿಟ್ಟಾಗ ಅಧಿಕಾರಿಗಳು ಫಲಕದಲ್ಲಿ ಅಲ್ಪವಿರಾಮ ಹಾಕಿ ಇನ್ನೊಂದು ಪದವನ್ನೂ ಬರೆಯಬೇಕಾಯಿತು: ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್.